ಅಗಲ ಹೊಳೆಯ ವಿನಿ ಆಂಟಿ

ನಸುಕಿನ ನಾಲ್ಕು ಗಂಟೆ. ವಿನಿಫ್ರೆಡ್ ಕಾರ್ಲಿಕ್ ಹೊಳೆಯ ದಂಡೆಯಲ್ಲಿ ಕುಳಿತು ವಿಲ್ಲೋ ಕೋಲುಗಳ ತೊಗಟೆ ಸುಲಿಯುತ್ತಿದ್ದಾರೆ. ಸುಲಿದ ಬಿಳಿ ಕೋಲನ್ನು ನೀರಿನ ಅಂಚಿಗೆ ನೆಟ್ಟು, ಚಾಕು ಒರೆಸಿ, ಇನ್ನೊಂದನ್ನು ಎತ್ತಿಕೊಳ್ಳುತ್ತಾರೆ. ಕೋಲಿನ ಬುಡ ಮುಳುಗತೊಡಗಿತೆಂದರೆ ಮೇಲೆ ಹಿಮನದಿ ಕರಗುತ್ತಿದೆ ಎಂದರ್ಥ. ಆಮೇಲೆ ಆ ದಿನ ಯಾರೂ ದಾಟುವಂತಿಲ್ಲ.

ಸ್ಟಿಕೀನ್ ಸೀಮೆಯಲ್ಲಿ ಎಲ್ಲರಿಗೂ ಇವರು ವಿನಿ ಆಂಟಿ. ವಯಸ್ಸು ಅರವತ್ತೊಂಬತ್ತು. ಚಿನ್ನದ ಗಣಿಗಳಿಗೆ ಹೋಗುತ್ತಿದ್ದ ಹಳೆಯ ಕಾಲುಹಾದಿ ಈ ಹೊಳೆ ದಾಟುವಲ್ಲಿ ಇಪ್ಪತ್ತಾರು ಬೇಸಿಗೆಗಳಿಂದ ಕೋಲು ನೆಡುತ್ತಿದ್ದಾರೆ. ಸಂಬಳವಿಲ್ಲ. ಈ ಬೇಸಿಗೆ ದಾಟಿಸಿದ್ದು ನಲವತ್ತೊಂದು ಮಂದಿಯನ್ನು. ಇಷ್ಟು ವರ್ಷಗಳಲ್ಲಿ ಹೊಳೆಗೆ ಬಿಟ್ಟುಕೊಟ್ಟದ್ದು ಒಂದೇ ಒಂದು ಟೋಪಿ.

ಹೊರಗಿನವರು ಮಾಡುವ ತಪ್ಪು ಯಾವಾಗಲೂ ಅದೇ. ಹೊಳೆ ಕಿರಿದಾದಲ್ಲಿ ಇಳಿಯುತ್ತಾರೆ. ಅಲ್ಲಿ ನೀರು ಎದೆಮಟ್ಟ, ಬಂಡೆ ಉರುಳಿಸುವ ಸೆಳೆತ. ಇಲ್ಲಿಯ ಮೂಲನಿವಾಸಿಗಳಾದ ನಮ್ಮ ತಾಲ್ತಾನ್ ಜನ ದಾಟುವುದು ಅಗಲವಾದಲ್ಲಿ, ಹೊಳೆ ಏಳು ಸೀಳಾಗಿ ಹರಿಯುವಲ್ಲಿ, ಅದೂ ಬೆಳಗಿನ ತಂಪಿನಲ್ಲಿ. ಆಗ ನೀರು ಮೊಣಕಾಲಿಗೆ ಬಂದರೆ ಹೆಚ್ಚು.

ಇವತ್ತು ಬಂದ ಗಡ್ಡದ ಪ್ರವಾಸಿ ಫೋನು ಚಾಚುತ್ತಾರೆ. "ಹಳೇ ಮ್ಯಾಪ್‌ನಲ್ಲಿ ಕೆಳಗಡೆ, ಆ ಇಕ್ಕಟ್ಟಲ್ಲೇ ದಾರಿ ಇದೆಯಲ್ಲ?"

"ಮ್ಯಾಪಿಗೆ ಕಾಲು ಒದ್ದೆ ಆಗಲ್ಲಪ್ಪ, ನಿನಗಾಗುತ್ತೆ. ಬೂಟು ಬಿಗಿ ಕಟ್ಟು, ನನ್ನ ಹಿಂದೇನೇ ಬಾ."

ಆ ಇಕ್ಕಟ್ಟಿನ ಪಕ್ಕ ಹನ್ನೊಂದು ಗೋರಿಗಳಿವೆ. 1898ರಲ್ಲಿ ಚಿನ್ನಕ್ಕೆಂದು ಹೊರಟವರದು. ವಿನಿ ಆಂಟಿಯ ಮುತ್ತಜ್ಜಿ ಅವರ ಹಿಟ್ಟಿನ ಮೂಟೆ ಹೊತ್ತವರು. "ಬೆಳಿಗ್ಗೆ ತನಕ ಕಾಯಿರಿ ಅಂದ್ಲಂತೆ. ಇನ್ನೊಂದು ದಿನದ ಕೂಲಿಗೆ ನಾಟಕ ಆಡ್ತಾಳೆ ಅಂತ ನಕ್ಕರಂತೆ. ಈಗ ಆ ಗೋರಿಗಳ ಹತ್ರ ಇರೋ ಫಲಕದಲ್ಲಿ 'ಯಾರೂ ಅರಿಯದ ಹೊಳೆ' ಅಂತ ಬರೆದಿದಾರೆ. ಯಾರೂ ಅಂದ್ರೆ? ನಾವಿದ್ವಲ್ಲ!"

ಹಿಮ ಬೀಳುವ ಮೊದಲು ವಿನಿ ಆಂಟಿಯ ಎಡ ಮೊಣಕಾಲಿಗೆ ಶಸ್ತ್ರಚಿಕಿತ್ಸೆ. ಮುಂದಿನ ಬೇಸಿಗೆ ನೀರಿಗಿಳಿಯುವಂತಿಲ್ಲ. ಸೀಳುಗಳು ವರ್ಷವರ್ಷವೂ ಜಾಗ ಬದಲಿಸುವುದರಿಂದ ಬರೆದಿಟ್ಟು ಫಲವಿಲ್ಲ. ಪಕ್ಕದಲ್ಲಿ ನಿಂತು ನೀರು ನೋಡಿಯೇ ಕಲಿಯಬೇಕು.

ಮಧ್ಯಾಹ್ನ ಮೀನು ಹೊಗೆಯಾಡಿಸುವ ಗುಡಿಸಲಿನ ಮುಂದೆ ವಿನಿ ಆಂಟಿಯ ಜೊತೆ ನಾವು ಐದು ಜನ ಸಾಲ್ಮನ್ ಸೀಳುತ್ತಿದ್ದೇವೆ. ತಂಗಿಯ ಮಗಳು ಡೋರ್ಲಾ ಕೆಣಕುತ್ತಾಳೆ, "ಟೋಪಿ ಕಳಕೊಂಡವನು ಇನ್ನೂ ಕಾಗದ ಬರೀತಾನಾ ಆಂಟಿ?"

"ಟೋಪಿ ಹಾಕ್ಕೊಳೋಕೆ ತಲೆ ಉಳಿಸಿಕೊಟ್ಟಿದೀನಲ್ಲೇ, ಅಷ್ಟು ಸಾಲದಾ ಅವನಿಗೆ?"

ನಗು ಇಳಿಯುತ್ತದೆ. ವಿನಿ ಆಂಟಿ ಚಾಕು ಕೆಳಗಿಡುತ್ತಾರೆ.

"ಈ ವಾರ ಯಾರಾದ್ರೂ ಒಬ್ಬರು ನಾಲ್ಕು ಗಂಟೆಗೆ ನನ್ನ ಜೊತೆ ಹೊಳೆಗೆ ಬನ್ನಿ."

ನಾವು ಐದೂ ಜನ ಮೀನು ಸೀಳುತ್ತಲೇ ಇದ್ದೇವೆ.