ಚಂದ್ರಕಾಳಿಯಲ್ಲಿ ಉಳಿದ ಬಟ್ಟೆ

ಕಲಬುರಗಿಯ ಬ್ರಹ್ಮಪುರದ ಓಣಿಯಲ್ಲಿರುವ ಯಶೋಧರಕ್ಕನ ಹೊಲಿಗೆ ಅಂಗಡಿ ಒಂದೇ ಕೋಣೆಯದು. ಬಾಗಿಲ ಬೆಳಕಿಗೆ ಮಷಿನು, ಒಳಗೆ ಬಟ್ಟೆ ಕತ್ತರಿಸುವ ಮೇಜು, ಗೋಡೆಯ ಮೊಳೆಗಳಿಗೆ ತೂಗುಬಿದ್ದ ಬ್ಲೌಸುಗಳು. ಕಾಲೇಜಿನಲ್ಲಿ ಗ್ಯಾದರಿಂಗ್ ಬಂತೆಂದರೆ ಹುಡುಗಿಯರೆಲ್ಲ ಅಲ್ಲಿಗೇ ಓಡುತ್ತಾರೆ. ಅವಳ ಹೊಲಿಗೆಗೆ ಒಂದು ಪದ್ಧತಿ ಇದೆ. ಬಗಲಿನ ಒಳಗೆ ಎರಡು ಬೆರಳು ಬಟ್ಟೆ ಮಡಿಚಿ ಬಿಟ್ಟಿರುತ್ತಾಳೆ. "ನಾಳೆ ಲಗ್ನ ಆಗ್ತದ, ದಪ್ಪ ಆಗ್ತೀರಿ. ಬಿಚ್ಚಿ ದೊಡ್ಡದು ಮಾಡ್ಕೊಳ್ಳಾಕ ಬೇಕಲ್ಲ?" ಎನ್ನುತ್ತಾಳೆ. ಎಷ್ಟೇ ಕಡಿಮೆ ಬಟ್ಟೆ ತಂದುಕೊಟ್ಟರೂ ಆ ಎರಡು ಬೆರಳನ್ನು ತಪ್ಪಿಸುವುದಿಲ್ಲ.

ಅವಳಿಗೆ ನಲವತ್ತರ ಹತ್ತಿರ. ಗಂಡ ನೆಹರು ಗಂಜ್‌ನ ತೊಗರಿ ಅಂಗಡಿಯೊಂದರಲ್ಲಿ ತೂಕದ ಕೆಲಸಕ್ಕಿದ್ದಾನೆ. ಅವಳು ಉಡುವುದೆಲ್ಲ ತಿಳಿ ಬಣ್ಣದ ಸೀರೆಗಳು. ಜೋಳದ ಹಿಟ್ಟಿನ ಬಣ್ಣ, ಈರುಳ್ಳಿ ಸಿಪ್ಪೆಯ ಬಣ್ಣ, ಒಗೆದು ಒಗೆದು ಮಾಸಿದ ಆಕಾಶದ ಬಣ್ಣ. ಕಪ್ಪು ಬ್ಲೌಸನ್ನು ಎಷ್ಟೋ ಜನರಿಗೆ ಹೊಲಿದಿದ್ದಾಳೆ. ತಾನು ಮಾತ್ರ ಒಂದನ್ನೂ ತೊಟ್ಟವಳಲ್ಲ.

ಅದಕ್ಕೆ ಕಾರಣ ಕಮಲಾಪುರದ ಶೇವಂತಾ ಆಯಿ, ಅವಳ ತಂದೆಯ ತಾಯಿ. ಆಯಿಯ ಟ್ರಂಕಿನ ತಳದಲ್ಲಿ ಒಂದು ಚಂದ್ರಕಾಳಿ ಸೀರೆ ಇತ್ತು. ಕಪ್ಪು ಒಡಲು, ಕೆಂಪು ಅಂಚು, ಕೆಂಪು ಸೆರಗು. ಆಯಿಯ ಗಂಡ, ಮುತ್ತ್ಯಾ ಗುಂಡಣ್ಣ, ಊರಿನ ಹಳೆಯ ಚಾಕರಿ ಬಿಟ್ಟು ರಸ್ತೆ ಕೆಲಸಕ್ಕೆ ಸೇರಿದಾಗ ಮೊದಲ ಪಗಾರದಲ್ಲಿ ಹೆಂಡತಿಗೆ ತಂದ ಸೀರೆ ಅದು. ಹೈಸ್ಕೂಲು ಮುಗಿಸಿದ ವರ್ಷ ಯಶೋಧರಾ ಅದನ್ನು ಹೆಗಲಿಗೆ ಹಾಕಿಕೊಂಡು ಕನ್ನಡಿಯ ಮುಂದೆ ನಿಂತಿದ್ದಳು.

"ಆಯಿ, ಇದು ನನಗ ಕೊಡ್ತೀ?"

"ಕರಿ ಮೈಗೆ ಕರೀದು ಬ್ಯಾಡ ಅವ್ವಿ. ದೀಪ ಹಚ್ಚಿ ಹುಡುಕಬೇಕಾಗ್ತದ ನಿನ್ನ," ಎಂದು ಆಯಿ ನಕ್ಕಳು.

ಯಶೋಧರಾ ಸೀರೆಯನ್ನು ಮಡಿಚಿ ಟ್ರಂಕಿನಲ್ಲಿಟ್ಟಳು. ಮತ್ತೆ ಕೇಳಲಿಲ್ಲ. ಆದರೆ ಆ ಸೀರೆ ಅಲ್ಲಿದೆ, ಬೇರೆ ಯಾರಿಗೂ ಹೋಗಿಲ್ಲ ಎಂಬುದು ಅವಳಿಗೆ ಒಂದು ಸಮಾಧಾನವಾಗಿತ್ತು. ಒಂದಲ್ಲ ಒಂದು ದಿನ ಆಯಿ ತಾನಾಗಿಯೇ ಕರೆದು ಕೊಟ್ಟಾಳು ಎಂದುಕೊಂಡಿದ್ದಳು.

ತಂಗಿ ಕಾವೇರಿಯ ಮೈಬಣ್ಣವೂ ಅದೇ, ಎಣ್ಣೆಗಪ್ಪು. ಅವಳು ನರ್ಸಿಂಗ್ ಓದಿ, ಜರ್ಮನ್ ಭಾಷೆ ಕಲಿತು, ಆ ದೇಶದ ಒಂದು ಊರಿನಲ್ಲಿ ವಯಸ್ಸಾದವರನ್ನು ನೋಡಿಕೊಳ್ಳುವ ಕೆಲಸಕ್ಕೆ ಹೋಗಿ ಕೆಲವು ವರ್ಷಗಳಾಗಿದ್ದವು. ಈ ಸಲ ಯುಗಾದಿ ಮುಗಿದ ಮೇಲೆ ರಜೆಯಲ್ಲಿ ಬಂದಳು. ಆಟೋದಿಂದ ಇಳಿದವಳನ್ನು ನೋಡಲು ಓಣಿಯೇ ಬಾಗಿಲಿಗೆ ಬಂತು. ಕಪ್ಪು ಲಂಗ, ಕಪ್ಪು ಜಾಳಿಗೆಯ ತೋಳು, ಮೊಳಕಾಲಿನವರೆಗೆ ಬೂಟು. ಒಂದು ಕಡೆ ಕೂದಲು ಬೋಳಿಸಿ ಇನ್ನೊಂದು ಕಡೆ ಇಳಿಬಿಟ್ಟಿದ್ದಳು. ಮೂಗಿನ ಎರಡು ಹೊಳ್ಳೆಗಳ ನಡುವೆ ಬೆಳ್ಳಿಯ ಬಳೆಯೊಂದು ತೂಗುತ್ತಿತ್ತು.

ಅಂಗಡಿಯಲ್ಲಿ ಹುಕ್ಕು, ಕಾಜ ಹಾಕುವ ಕೆಲಸಕ್ಕೆ ಬರುವ ಖುರ್ಷೀದ್ ಬೇಗಂ ಸೂಜಿಯನ್ನು ಕೆಳಗಿಟ್ಟಳು. "ಕ್ಯಾ ಬೇಟಿ, ಮೊಹರಂ ಇನ್ನಾ ದೂರ ಅದ. ಈಗೇ ಕಾಲಾ ಕಪಡಾ ಹಾಕ್ಕೊಂಡಿ?"

"ನಂದು ವರ್ಷಪೂರ್ತಿ ಹಿಂಗೇ ಆಪಾ."

"ಹಾಕ್ಕೋ, ಯಾರು ಬ್ಯಾಡ ಅಂದಾರ? ಆ ಬೂಟ್ ಬಿಚ್ಚು ಮೊದಲ. ನಮ್ಮ ಬಿಸಲಾಗ ಕಾಲು ಬೆಂದು ಪಾಯಾ ಸಾರು ಆಗ್ತಾವ."

ಎಲ್ಲರೂ ನಕ್ಕರು. ಯಶೋಧರಕ್ಕ ನಗಲಿಲ್ಲ. ತಂಗಿಯ ಮೈಮೇಲೆ ಕಪ್ಪು ಹೇಗೆ ಕೂತಿದೆ ಎಂದು ನೋಡುತ್ತಿದ್ದಳು. ದೀಪ ಹಚ್ಚಿ ಹುಡುಕುವ ಹಾಗೇನೂ ಇರಲಿಲ್ಲ. ಓಣಿಯಲ್ಲಿ ಅಷ್ಟು ಜನ ನಿಂತಿದ್ದರೂ ಅವಳೊಬ್ಬಳೇ ಕಾಣುತ್ತಿದ್ದಳು.

ಮಧ್ಯಾಹ್ನ ಊಟವಾದ ಮೇಲೆ ಕಾವೇರಿ ಮೊಬೈಲಿನಲ್ಲಿ ಫೋಟೊ ತೋರಿಸಿದಳು. ಒಂದು ತೋಟ. ಹುಲ್ಲಿನ ಮೇಲೆ ಚಾದರ ಹಾಸಿ, ಮೈತುಂಬ ಕಪ್ಪು ತೊಟ್ಟ ಗಂಡಸರು ಹೆಂಗಸರು ಕೇಕು ತಿನ್ನುತ್ತಿದ್ದರು. ಹುಡುಗಾಟದ ವಯಸ್ಸಿನವರು ಯಾರೂ ಅಲ್ಲ. ಕಣ್ಣಿಗೆ ಕಾಡಿಗೆ ಹಚ್ಚಿದ್ದ ದಪ್ಪ ಮನುಷ್ಯ ಅಂಚೆ ಹಂಚುವವನು, ಐವತ್ತು ದಾಟಿದವನು. ನೇರಳೆ ಕೂದಲಿನವಳು ಶಾಲೆಯಲ್ಲಿ ಲೆಕ್ಕ ಕಲಿಸುವವಳು.

"ಗಾತ್ ಅಂತಾರ ನಮಗ. ವಾರವೆಲ್ಲ ಕೆಲಸ ಮಾಡ್ತೀವಿ, ಐತವಾರ ಹಿಂಗ ಕೂಡ್ತೀವಿ," ಎಂದಳು ಕಾವೇರಿ.

"ಕೂಡಿ ಏನು ಮಾಡ್ತೀರಿ?"

"ಹಾಡು ಕೇಳ್ತೀವಿ. ಕುಣೀತೀವಿ. ಸುಡಗಾಡದಾಗ ಅಡ್ಡಾಡ್ತೀವಿ."

"ಸುಡಗಾಡದಾಗ?"

"ಅಲ್ಲಿ ಸುಡಗಾಡ ಅಂದ್ರ ಗಿಡ, ಹೂವು, ಕಲ್ಲಿನ ಮೂರ್ತಿ. ಶಾಂತ ಇರ್ತದ ಯಕ್ಕಾ. ಹೋದ ಹೊಸದಾಗ ನನ್ನ ಜೋಡಿ ಯಾರೂ ಮಾತಾಡ್ತಿದ್ದಿಲ್ಲ. ಇವರು ಕರೆದು ಕೂಡಿಸಿಕೊಂಡ್ರು. ಯಾರ ಮಗಳು, ಯಾವ ಊರು, ಒಂದೂ ಕೇಳಲಿಲ್ಲ. ಈಗ ಇವರೇ ನಮ್ಮ ಮಂದಿ."

ನಮ್ಮ ಮಂದಿ ಎಂಬ ಮಾತು ಯಶೋಧರಕ್ಕನಿಗೆ ಚುಚ್ಚಿತು. ಎರಡು ಬೆರಳಿನಿಂದ ಫೋಟೊ ಹಿಗ್ಗಿಸಿ ಲೆಕ್ಕದ ಟೀಚರಳ ಅಂಗಿಯನ್ನು ನೋಡಿದಳು. ಕಾಲರು ಸೊಟ್ಟಗಿತ್ತು. ಸ್ವಲ್ಪ ಹಿತವೆನಿಸಿತು. ಕಾವೇರಿ ಇಯರ್‌ಫೋನನ್ನು ಅಕ್ಕನ ಕಿವಿಗಿಟ್ಟಳು. ದೂರದ ಓಣಿಯಲ್ಲಿ ಯಾರದೋ ಸಾವಿಗೆ ಹಲಗೆ ಬಾರಿಸಿದಂತೆ ನಿಧಾನದ ಪೆಟ್ಟು, ಅದರ ಮೇಲೆ ಬಾವಿಯೊಳಗಿಂದ ಬಂದಂಥ ಗಂಡುದನಿ. ಹಾಡು ಮುಗಿಯುವವರೆಗೂ ಯಶೋಧರಕ್ಕ ಅಲುಗಲಿಲ್ಲ.

"ಹೆಂಗದ?"

"ಏನೂ ತಿಳೀಲಿಲ್ಲ," ಎಂದು ಕಿವಿಯಿಂದ ತೆಗೆದು ಕೊಟ್ಟಳು. ಇಂಥ ಹಾಡಿದೆ ಎಂದು ತನಗೆ ಇಷ್ಟು ದಿನ ಯಾರೂ ಹೇಳದೆ ಹೋದರಲ್ಲ ಎಂದು ಒಳಗೇ ಸಿಟ್ಟು ಬಂದಿತ್ತು. ಅವಳಿಗೂ ಐತವಾರವಿದೆ. ಅಂದು ಅಂಗಡಿ ಗುಡಿಸಿ, ಮಷಿನಿಗೆ ಎಣ್ಣೆ ಹಾಕುತ್ತಾಳೆ. ಕೂಡಿಸಿಕೊಳ್ಳಲು ಯಾರೂ ಕರೆದಿಲ್ಲ.

ಮರುದಿನ ಇಬ್ಬರೂ ಕಮಲಾಪುರದ ಬಸ್ಸು ಹತ್ತಿದರು. ಯಶೋಧರಕ್ಕನಿಗೆ ಒಂದು ಆಸೆ ಇತ್ತು. ಆಯಿ ಬೈಯುತ್ತಾಳೆ. ಬೋಳು ತಲೆ, ಮೂಗಿನ ಬಳೆ, ಅಡಿಯಿಂದ ಮುಡಿಯವರೆಗೆ ಕಪ್ಪು; ಇದನ್ನೆಲ್ಲ ನೋಡಿ ಬಿಟ್ಟಾಳೇ? ಕಿಟಕಿಯ ಬಿಸಿಗಾಳಿಗೆ ಮುಖವೊಡ್ಡಿ ಆ ಬೈಗುಳವನ್ನು ಮನಸ್ಸಿನಲ್ಲೇ ಕೇಳಿಸಿಕೊಳ್ಳುತ್ತ ಕೂತಿದ್ದಳು.

ಕಾಕಾನ ಮನೆಯ ಪಡಸಾಲೆಯಲ್ಲಿ, ಬುದ್ಧನ ಫೋಟೊ ಕೆಳಗೆ ಆಯಿ ಕೂತಿದ್ದಳು. ಕಾವೇರಿಯ ಗದ್ದ ಹಿಡಿದು ಮುಖವನ್ನು ಬೆಳಕಿಗೆ ತಿರುಗಿಸಿದಳು.

"ಬುಲಾಕ," ಎಂದು ಮೂಗಿನ ಬಳೆಯನ್ನು ಮುಟ್ಟಿದಳು. "ನಮ್ಮವ್ವ ಹಾಕ್ತಿದ್ದಳು, ಹಿತ್ತಾಳಿದು. ಬಂಗಾರ ಹಾಕಾಕ ಊರಾಗ ಬಿಡ್ತಿದ್ದಿಲ್ಲ. ಇದನ್ಯಾರು ಚುಚ್ಚಿದ್ರು ನಿನಗ?"

"ಅಲ್ಲೇ, ನಮ್ಮ ಮಂದಿ ಆಯಿ."

ಆಯಿಯ ಕಣ್ಣುಗಳು ಅರಳಿದವು. "ಅಲ್ಲೀತನ ಹೋಗ್ಯಾರ ನಮ್ಮ ಮಂದಿ? ಭಾಳ ಅದಾರೇನು?"

"ಭಾಳ ಅದಾರ."

"ಮನ್ಯಾಗ ಬಾಬಾಸಾಹೇಬರ ಫೋಟೊ ಇಟ್ಟಾರ?"

ಆಯಿಯ ಮುಖದಲ್ಲಿದ್ದ ಸಂತೋಷವನ್ನು ಕೆಡಿಸಲು ಕಾವೇರಿಗೆ ಮನಸ್ಸಾಗಲಿಲ್ಲ. "ಗೋಡಿ ತುಂಬ ಫೋಟೊನೇ ಆಯಿ," ಎಂದಳು. ಅವು ಹಾಡುಗಾರರ ಫೋಟೊ ಎಂಬುದು ಮೊಬೈಲಿನಲ್ಲಿ ನೋಡಿದ್ದ ಯಶೋಧರಕ್ಕನಿಗೆ ಗೊತ್ತಿತ್ತು.

"ಮುಂದಿನ ತಿಂಗಳು ನಮ್ಮ ಮಂದಿದು ದೊಡ್ಡ ಕೂಟ ಅದ. ಎಲ್ಲಾ ಕಡಿಂದ ಬರ್ತಾರ, ಎಲ್ಲರೂ ಕರೀದೇ ಉಡ್ತಾರ. ನಿನ್ನ ಚಂದ್ರಕಾಳಿ ಕೊಡ್ತೀ? ಅಕ್ಕನ ಕಡೆ ಉದ್ದ ಅಂಗಿ ಹೊಲಿಸ್ಕೊಂಡು ಹೋಗ್ತೀನಿ."

"ನಮ್ಮ ಮಂದಿ ಕೂಟಕ್ಕಂದ್ರ ಕೊಡಲಾರದ ಇರ್ತೀನೇನು?" ಎಂದು ಆಯಿ ಟ್ರಂಕಿನ ಕೀಲಿಯನ್ನು ಯಶೋಧರಕ್ಕನ ಕೈಗೇ ಕೊಟ್ಟಳು. "ತೆಗಿ ಅವ್ವಿ. ತಳದಾಗ ಅದ."

ಯಶೋಧರಕ್ಕ ತೆಗೆದಳು. ಮಡಿಕೆಗಳು ತಾನು ಹಾಕಿದವೇ ಎನಿಸಿತು. ಕಾವೇರಿ ಸೀರೆಯನ್ನು ಮುಖಕ್ಕೊತ್ತಿಕೊಂಡು ವಾಸನೆ ನೋಡಿದಳು, ಆಮೇಲೆ ಕಾಕಾನ ಜೊತೆ ಬಾಳೆಯ ತೋಟ ನೋಡಲು ಹೊರಟಳು. ಪಡಸಾಲೆಯಲ್ಲಿ ಇಬ್ಬರೇ ಉಳಿದರು. ಆಯಿ ಕೆಂಪು ಬಾಳೆಹಣ್ಣೊಂದನ್ನು ಸುಲಿದು ಮೊಮ್ಮಗಳಿಗೆ ಕೊಟ್ಟಳು. ಯಶೋಧರಕ್ಕ ಅದನ್ನು ಕೈಯಲ್ಲೇ ಹಿಡಿದು ಕೂತಳು.

"ಆಯಿ, ಅವರು ನಮ್ಮ ಮಂದಿ ಅಲ್ಲ."

"ಯಾರು?"

"ಕಾವೇರಿ ಹೇಳಿದವರು. ಎಲ್ಲಾ ಬಿಳೇ ಮಂದಿ. ಬಾಬಾಸಾಹೇಬರ ಹೆಸರೂ ಕೇಳಿಲ್ಲ. ಕರೀದು ಹಾಕ್ಕೊಂಡು ಸುಡಗಾಡದಾಗ ಅಡ್ಡಾಡ್ತಾರ, ಅಲ್ಲೇ ಕೂತು ತಿಂತಾರ. ಅದಕ್ಕ ನಿನ್ನ ಸೀರಿ ಬೇಕಂತ."

ಹೇಳಿ ಮುಗಿಸಿದ ಮೇಲೆ ಅವಳಿಗೆ ಉಸಿರು ಹಗುರಾಯಿತು. ಈಗ ಆಯಿ ಸೀರೆಯನ್ನು ತಿರುಗಿ ಟ್ರಂಕಿನಲ್ಲಿಡು ಎನ್ನುತ್ತಾಳೆ ಎಂದು ಕಾದಳು.

ಆಯಿ ಸಿಪ್ಪೆಯನ್ನು ಮಡಿಚುತ್ತ ಕೂತಿದ್ದಳು. "ಸುಡಗಾಡದಾಗ ಕೂತು ತಿಂತಾರ?" ಎಂದು ಇನ್ನೊಮ್ಮೆ ಕೇಳಿದಳು. "ನಿಮ್ಮ ಮುತ್ತ್ಯಾನ ಚಾಕರಿ ಏನಿತ್ತು, ಗೊತ್ತದಲ್ಲ? ಊರಾಗ ಯಾರು ಸತ್ತರೂ ಕುಣಿ ತೋಡಾಕ ಅವನೇ. ಊರ ಮಂದಿ ಮಣ್ಣು ಕೊಟ್ಟು, ತಿರುಗಿ ನೋಡಲಾರದ ಹೋಗ್ತಿದ್ರು. ಅಲ್ಲಿ ಉಳಿಯವರು ನಾವಷ್ಟೇ. ಅವನಿಗೆ ರೊಟ್ಟಿ ಒಯ್ದು, ಅಲ್ಲೇ ಬೇವಿನ ಗಿಡದ ಬುಡಕ ಕೂತು ತಿಂದೀವಿ. ಸುಡಗಾಡದಾಗ ಕೂತು ಉಣ್ಣಾವರು ನಮ್ಮ ಮಂದಿ ಅಲ್ಲಂದ್ರ ಮತ್ಯಾರು?"

"ಅವರು ಹೌಸಿಗೆ ಹೋಗ್ತಾರ ಆಯಿ, ಮಜಾಕ್ಕಂತ."

"ಹೌಸಿಗೇ ಹೋಗಲಿ ಬಿಡು. ನಾವು ಹೊಟ್ಟಿಗೆ ಹೋಗಿದ್ದು ಸಾಕು."

ಯಶೋಧರಕ್ಕನ ಕೈಯಲ್ಲಿ ಹಣ್ಣು ಹಾಗೇ ಇತ್ತು. ಅದನ್ನು ಕೆಳಗಿಟ್ಟು, "ಆ ಸೀರಿ ನಾನೂ ಕೇಳಿದ್ದೆ," ಎಂದಳು.

"ಯಾವಾಗ?"

"ಸಣ್ಣಾಕಿ ಇದ್ದಾಗ. ಕರಿ ಮೈಗೆ ಕರೀದು ಬ್ಯಾಡ ಅಂದಿ."

ಆಯಿ ನೆನಪು ಮಾಡಿಕೊಳ್ಳಲು ನೋಡಿದಳು. ನೆನಪಾದಂತೆ ಕಾಣಲಿಲ್ಲ. "ಅಂದಿರಬೇಕು. ನನಗೂ ನಮ್ಮತ್ತಿ ಹಂಗೇ ಅಂದಿದ್ದಳು. ಕಾವೇರಿಗೂ ಅಂದೀನಿ. ಆಕಿ ನನ್ನ ಮಾತು ಕೇಳಲಿಲ್ಲ. ನೀ ಯಾಕ ಕೇಳ್ದಿ?"

ಇಷ್ಟು ವರ್ಷ ಯಶೋಧರಕ್ಕ, ತಾನು ಆಯಿಯ ಮಾತು ಕೇಳಿದವಳು, ಅದಕ್ಕಾಗಿ ಆಯಿಗೆ ತಾನೇ ಹೆಚ್ಚು ಎಂದುಕೊಂಡಿದ್ದಳು. ಕೇಳಿದ್ದನ್ನು ಯಾರೂ ಲೆಕ್ಕಕ್ಕೇ ಇಟ್ಟಿರಲಿಲ್ಲ.

ಕಲಬುರಗಿಗೆ ಬಂದು ಕಾವೇರಿಯ ಅಳತೆ ತೆಗೆದಳು. ಉದ್ದ ತೋಳು, ಎತ್ತರದ ಕಾಲರು, ನೆಲ ಗುಡಿಸುವ ಘೇರು. ಆಯಿಯ ಕಾಲದ ಸೀರೆ ಉದ್ದವಿತ್ತು, ಆದರೂ ಅಂಗಿಗೆ ಸರಿಯಾಗಿ ಸಾಲುವಷ್ಟೇ. ಮೇಜಿನ ಮೇಲೆ ಹಾಸಿ, ಸೀಮೆಸುಣ್ಣದಿಂದ ಗೆರೆ ಎಳೆದಳು. ಕತ್ತರಿ ಹಿಡಿದವಳು ನಿಂತಳು. ಗೆರೆಗಳನ್ನೆಲ್ಲ ಒರೆಸಿ ಮತ್ತೆ ಎಳೆದಳು. ಈ ಸಲ ಪಟ್ಟಿಗಳನ್ನು ಒಂದಕ್ಕೊಂದು ಒತ್ತಾಗಿ ಕೂಡಿಸಿದಳು. ಒಂದು ಪಟ್ಟಿಗೂ ಆ ಎರಡು ಬೆರಳು ಬಿಡಲಿಲ್ಲ. ಅಂಚಿನಲ್ಲಿ ಒಂದು ತುಂಡು ಉಳಿಯಿತು. ಗಿಡ್ಡ ತೋಳಿನ ಒಂದು ಬ್ಲೌಸಿಗೆ ಸಾಕು.

ಖುರ್ಷೀದ್ ಬೇಗಂ ಪಕ್ಕದಿಂದ ಬಗ್ಗಿ ನೋಡಿದಳು. "ಒಳಗ ಏನೂ ಬಿಟ್ಟಿಲ್ಲಲ್ಲ ರೀ?"

"ಆಕಿಗೆ ಇಷ್ಟೇ ಸಾಕು ಆಪಾ."

ಖುರ್ಷೀದ್ ಬೇಗಂ ಅವಳ ಮುಖ ನೋಡಿದಳು, ಉಳಿದ ತುಂಡನ್ನು ನೋಡಿದಳು, ಸೂಜಿಗೆ ದಾರ ಪೋಣಿಸಿದಳು.

ಅಂಗಿ ಕಾವೇರಿಗೆ ಚರ್ಮದ ಹಾಗೆ ಕೂತಿತು. ಅವಳು ಕನ್ನಡಿಯ ಮುಂದೆ ತಿರುಗಿ, ಅಕ್ಕನ ಕೊರಳಿಗೆ ಬಿದ್ದಳು. ಅಕ್ಕ, "ಸಾಕು, ಸುಕ್ಕು ಬೀಳ್ತದ," ಎಂದು ಬಿಡಿಸಿಕೊಂಡಳು.

ರಜೆ ಮುಗಿದು ಕಾವೇರಿ ಹೋದ ಮೇಲೆ, ಮುಂದಿನ ತಿಂಗಳ ಒಂದು ಐತವಾರ ಸಂಜೆ ಮೊಬೈಲು ಬಡಿದುಕೊಂಡಿತು. ವಿಡಿಯೊ ಕಾಲ್. ಅದೇ ತೋಟ, ಅದೇ ಚಾದರ, ಜನ ಮಾತ್ರ ಎಷ್ಟೋ ಪಟ್ಟು. ಕಾವೇರಿ ಚಂದ್ರಕಾಳಿಯಲ್ಲಿದ್ದಳು. ಕಾಡಿಗೆ ಕಣ್ಣಿನ ಅಂಚೆಯವನು ಹಿಂದಿನಿಂದ ಇಣುಕಿ ಕೈ ಜೋಡಿಸಿದ. ಲೆಕ್ಕದ ಟೀಚರು ಕೆಂಪು ಅಂಚನ್ನು ಮುಟ್ಟಿ ಮುಟ್ಟಿ ನೋಡುತ್ತಿದ್ದಳು.

"ಎಲ್ಲಾರೂ ಯಾರು ಹೊಲದಾರ, ಯಾರು ಹೊಲದಾರ ಅಂತ ಕೇಳಾಕತ್ತಾರ ಯಕ್ಕಾ. ಆಯಿಗೂ ಮಾತಾಡಿದೆ. ನಮ್ಮ ಮಂದಿಗೆಲ್ಲ ಜೈಭೀಮ್ ಹೇಳು ಅಂದಳು. ಹೇಳೀನಿ. ಅಂಚೆಯವ ಕಲ್ತುಬಿಟ್ಟಾನ." ಅಷ್ಟರಲ್ಲಿ ಅವಳು ಪರದೆಯ ಹತ್ತಿರ ಬಂದಳು. "ತಡಿ. ನಿನ್ನ ಬ್ಲೌಸು ಕರೀದು."

ಯಶೋಧರಕ್ಕ ಸೆರಗನ್ನು ಎಳೆದುಕೊಳ್ಳಲು ಹೋದಳು. ಎಳೆದುಕೊಳ್ಳಲಿಲ್ಲ. ತಿಳಿ ಸೀರೆಯ ಮೇಲೆ ಕಪ್ಪು ತೋಳು, ತೋಳಿನ ಕೊನೆಗೆ ಕೆಂಪು ಅಂಚು.

"ಎಲ್ಲಿಂದ ಬಂತಿದು?"

"ಉಳಿದಿತ್ತು."

"ಅದರಾಗ ಉಳಿಯೂ ಹಂಗ ಇದ್ದಿಲ್ಲ." ಕಾವೇರಿ ತನ್ನ ಬಗಲಿನ ಹೊಲಿಗೆಯನ್ನು ಬೆರಳಿನಿಂದ ಒಳಮಗ್ಗಲು ತಡವಿದಳು. "ಅದಕ್ಕೇನು, ನನಗ ಒಳಗ ಒಂದು ಬೆರಳೂ ಬಿಟ್ಟಿಲ್ಲ ನೀ? ಓಣಿ ಹುಡುಗ್ಯಾರಿಗೆಲ್ಲ ಬಿಡ್ತೀ. ನಾ ದಪ್ಪ ಆದ್ರ ಏನು ಮಾಡ್ಲಿ?"

ಹಿಂದೆ ಯಾರೋ ಅವಳ ಹೆಸರು ಕೂಗಿದರು. ಒಂದು ತಟ್ಟೆ ಅವಳ ಕಡೆ ಬಂತು.

"ಕೇಕ್ ಕಡಿಮಿ ತಿನ್ನು," ಎಂದಳು ಯಶೋಧರಕ್ಕ.