ಉಪ್ಪು ಬಿಟ್ಟ ಮುನಿಗಳಿಗೆ ಅವ್ವನ ಅಡುಗೆ

ನಾನು ನಾಶಿಕದ ಒಂದು ವೈನ್ ಕಂಪನಿಯಲ್ಲಿ ರುಚಿ ನೋಡುವ ಕೆಲಸದಲ್ಲಿದ್ದೇನೆ. ಯಾವ ತಿನಿಸಿಗೆ ಯಾವ ವೈನ್ ಹೊಂದುತ್ತದೆ ಎಂದು ಹೇಳುವುದೂ ನನ್ನದೇ ಪಾಲು. ಈಗ ಪುಣೆ, ಮುಂಬೈಯ ಹೋಟೆಲುಗಳಲ್ಲಿ ಹಳ್ಳಿಯೂಟಕ್ಕೆ ಬೇಡಿಕೆ ಹೆಚ್ಚಿದೆ. ನಮ್ಮ ಶೇಂಗಾ ಹಿಂಡಿ ಎಂಬ ಚಟ್ನಿಪುಡಿಗೂ, ಎಣ್ಣೆಗಾಯಿಗೂ ವೈನ್ ಜೋಡಿಸಿ ಕೊಟ್ಟಿದ್ದೇನೆ. ನುಂಗುವುದಿಲ್ಲ, ಬಾಯಲ್ಲಿ ಆಡಿಸಿ ಉಗುಳುತ್ತೇನೆ. ಕೆಲಸ ಸಿಕ್ಕಾಗಲೇ ಇದನ್ನು ಅವ್ವನಿಗೆ ಹೇಳಿದ್ದೆ. ಅವಳು, "ಮಂದಿಗೆ ಜ್ಯೂಸ್ ಕಂಪನಿ ಅಂತ ಹೇಳೂಣು" ಎಂದಳು. ಕಾಗವಾಡದ ಹತ್ತಿರದ ನಮ್ಮೂರಿನ ಜೈನರ ಮನೆಗಳಲ್ಲಿ ದ್ರಾಕ್ಷಿ ಬೆಳೆಯುತ್ತಾರೆ, ಒಣಗಿಸಿ ಮಾರುತ್ತಾರೆ. ವೈನಿನ ಮಾತು ಹೊಸ್ತಿಲು ದಾಟುವುದಿಲ್ಲ.

ಕಳೆದ ಚಳಿಗಾಲದಲ್ಲಿ ಊರ ಬಸದಿಗೆ ಮುನಿಗಳೊಬ್ಬರು ಬಂದು ತಂಗಿದರು. ಅವರಿಗೆ ದಿನಕ್ಕೆ ಒಂದೇ ಊಟ, ಅದೂ ನಿಂತುಕೊಂಡು, ಬೊಗಸೆಯಲ್ಲಿ. ಒಮ್ಮೆಯಾದರೂ ತನ್ನ ಕೈಯಾರೆ ಉಣಿಸಬೇಕೆಂಬುದು ಅವ್ವನ ಬಹಳ ವರ್ಷಗಳ ಆಸೆ. ಆದರೆ ಈ ಮುನಿಗಳು ಉಪ್ಪನ್ನೂ ಬೆಲ್ಲವನ್ನೂ ಬಿಟ್ಟವರು. ರಜೆಯ ಮೇಲೆ ಬಂದಿದ್ದ ನನ್ನನ್ನು ಅವ್ವ ಕೇಳಿದಳು:

"ಉಪ್ಪಿಲ್ಲದ ಬ್ಯಾಳಿಗೆ ರುಚಿ ಹೆಂಗ ಬರತೈತಿ?"

"ಹುಳಿ ಸ್ವಲ್ಪ ಹೆಚ್ಚ ಮಾಡವ್ವಾ. ಉಪ್ಪಿನ ಅರ್ಧಾ ಕೆಲಸ ಅದ ಮಾಡತೈತಿ. ಜೀರಗಿ ಚಲೋತ್ನ್ಯಾಗಿ ಹುರಿ, ಕೊಬ್ಬರಿ ಅರದ ಹಾಕು."

ನಾನು ಮಡಿಯಲ್ಲಿರಲಿಲ್ಲ. ಅಡುಗೆಮನೆಯ ಹೊರಗೆ ನಿಂತು ಹೇಳುತ್ತಿದ್ದೆ. ನೆರವಿಗೆಂದು ದಿಗ್ಗೇವಾಡಿಯಿಂದ ಬಂದಿದ್ದ ಕಾಕು, ನಮ್ಮ ಚಿಕ್ಕಪ್ಪನ ಹೆಂಡತಿ, ನಕ್ಕಳು. "ಏನ್ ಬೇ, ಒಲಿ ಮುಂದ ಕುಂಡ್ರದಾಕಿ ನಮಗ ಅಡಗಿ ಕಲಸಾಕತ್ತಿ?"

ಆ ಸಂಜೆ ಮುನಿಗಳ ಜೊತೆ ಸಂಚರಿಸುವ ವ್ರತಧಾರಿ ಅಕ್ಕನವರು, ಮುನಿಗಳು ಉಣ್ಣಲು ತಕ್ಕ ಮನೆಯೋ ಎಂದು ನೋಡಲು ಬಂದರು. ನೀರು ಎಲ್ಲಿಯದು, ಹಿಟ್ಟು ಬೀಸಿದ್ದು ಯಾವಾಗ ಎಂದೆಲ್ಲ ವಿಚಾರಿಸಿ, ಕೊನೆಗೆ, "ಮನ್ಯಾಗ ಯಾರಿಗರೆ ಮದ್ಯದ ಸಂಬಂಧ ಐತೇನ್ರಿ?" ಎಂದರು.

"ಇಲ್ರಿ ಅಕ್ಕಾರ. ಮಗಳು ಜ್ಯೂಸ್ ಕಂಪನ್ಯಾಗ ಅದಾಳ್ರಿ," ಎಂದು ಅವ್ವ ನನ್ನ ಕಡೆ ನೋಡಿದಳು.

"ಹೌದ್ರಿ," ಎಂದೆ.

ಮರುದಿನ ಬೆಳಿಗ್ಗೆ ಅವ್ವ ಅಡುಗೆ ಮುಗಿಸಿದ ಮೇಲೆ, ಅವಳೂ ಕಾಕುವೂ ಮುನಿಗಳನ್ನು ಬರಮಾಡಿಕೊಳ್ಳಲು ತುಂಬಿದ ಕಲಶ ಹಿಡಿದು ಬಾಗಿಲಲ್ಲಿ ನಿಂತರು. ಮುನಿಗಳು ಓಣಿಯಲ್ಲಿ ನಡೆದು ಬಂದು ನಮ್ಮ ಮನೆಯ ಮುಂದೆಯೇ ನಿಂತುಬಿಟ್ಟರು. ಹಾಗೆ ನಿಂತಾಗ ಉಣಿಸುವವರು ಮನಸ್ಸು ಶುದ್ಧ, ಮಾತು ಶುದ್ಧ, ಮೈ ಶುದ್ಧ, ಅನ್ನ ನೀರು ಶುದ್ಧ ಎಂದು ಬಾಯಿಬಿಟ್ಟು ಹೇಳಬೇಕು. ಕಾಕು ಗಟ್ಟಿಯಾಗಿ ಹೇಳತೊಡಗಿದಳು. ಅವ್ವನೂ ದನಿಗೂಡಿಸಿದಳು. 'ಮಾತು ಶುದ್ಧ' ಎನ್ನುವಲ್ಲಿಗೆ ಬಂದಾಗ ಅವ್ವನ ದನಿ ನಿಂತಿತು. ಮುಂದಿನದನ್ನೆಲ್ಲ ಕಾಕು ಒಬ್ಬಳೇ ಹೇಳಿ ಮುಗಿಸಿದಳು.

ಮುನಿಗಳು ಒಳಗೆ ಬಂದರು. ಅವ್ವ ಬೇಳೆಯ ಬಟ್ಟಲನ್ನು ಕಾಕುವಿನ ಕೈಗಿತ್ತು, "ತಲಿ ಸುತ್ತಾಕತ್ತೈತಿ, ನೀನ ನೀಡು," ಎಂದು ಹಿತ್ತಲಿಗೆ ಹೋದಳು. ಮುನಿಗಳು ಆ ಬೇಳೆಗೆ ಮತ್ತೆ ಬೊಗಸೆ ಒಡ್ಡಿದರು. ನೆರೆದ ಹೆಂಗಸರ ಮುಖ ಅರಳಿತು. ನನಗೆ ಮಾತ್ರ ಅಲ್ಲಿ ನಿಲ್ಲಲಾಗಲಿಲ್ಲ. ನನ್ನ ನಾಲಿಗೆ ಕಲಿತ ವಿದ್ಯೆ ಒಳಗೆ ಮೆಚ್ಚುಗೆ ಪಡೆಯುತ್ತಿತ್ತು. ಅಡುಗೆ ಮಾಡಿದವಳು ಹೊರಗಿದ್ದಳು.

ಅವ್ವ ಬಾವಿಯ ಕಟ್ಟೆಯ ಮೇಲೆ ಕುಳಿತಿದ್ದಳು. ಅವಳ ಪಕ್ಕ ಕೂರುವ ಧೈರ್ಯ ನನಗಾಗಲಿಲ್ಲ.

"ನಾ ನಿನ್ನಿ ನಿನ್ನ ಕಡೆ ಯಾಕ ನೋಡಿದೆ ಗೊತ್ತೈತಿ?" ಎಂದಳು. "ನೀ ಖರೇ ಹೇಳತಿ ಅಂತ. ನನ್ನ ಬಾಯಿಂದ ಬರಲಿಲ್ಲ. ನಿನ್ನ ಬಾಯಿಂದರೆ ಬರಬೇಕಾಗಿತ್ತು."

"ಈಗ ಬಸದಿಗೆ ಹೋಗಿ ಅಕ್ಕಾರಿಗೆ ಹೇಳಿ ಬರತೇನವ್ವಾ."

"ಏನಂತ ಹೇಳತಿ? ನಿನ್ನ ಕೆಲಸಾ ಹೇಳತಿಯೊ, ನಾ ಸುಳ್ಳ ಹೇಳಿದ್ದ ಹೇಳತಿಯೊ?"

ಒಂದನ್ನು ಬಿಟ್ಟು ಇನ್ನೊಂದನ್ನು ಹೇಳುವ ದಾರಿ ನನಗೆ ಕಾಣಲಿಲ್ಲ. ಒಳಗಿನಿಂದ ಕಾಕು ಅವ್ವನನ್ನು ಕರೆಯುತ್ತಿದ್ದಳು, ಮುನಿಗಳ ಊಟ ಮುಗಿಯಿತು, ಬಂದು ನಮಸ್ಕಾರ ಮಾಡು ಎಂದು. ಅವ್ವ ಏಳಲಿಲ್ಲ. ನಾನೂ ಒಳಗೆ ಹೋಗಲಿಲ್ಲ.