ಮೊದಲ ಅಧ್ಯಾಯದಲ್ಲೇ ಸತ್ತ ಅತ್ತೆ

ಕಾದಂಬರಿಯ ಕರಡನ್ನು ಅತ್ತೆ ಓದಲು ಕೂತ ದಿನದಿಂದ ನನಗೆ ಊಟ ಸರಿಯಾಗಿ ಸೇರಲಿಲ್ಲ. ನಾನಾಗಿ ಕೊಟ್ಟದ್ದಲ್ಲ. ಪ್ರಿಂಟ್ ಹಾಕಿಸಿ ತಂದು ಊಟದ ಮೇಜಿನ ಮೇಲೆ ಇಟ್ಟಿದ್ದೆ. ಬಟ್ಟೆ ಒಣಹಾಕಿ ಕೆಳಗಿಳಿದು ಬರುವಷ್ಟರಲ್ಲಿ ಅವರು ಕನ್ನಡಕ ಏರಿಸಿಕೊಂಡು ಮುಂಬಾಗಿಲ ಹತ್ತಿರದ ಕುರ್ಚಿಯಲ್ಲಿ ಕೂತಾಗಿತ್ತು. ವಾರಪತ್ರಿಕೆಯ ಧಾರಾವಾಹಿಗಳನ್ನು ಒಂದೂ ಬಿಡದೆ ಓದುವವರು ಸೊಸೆ ಬರೆದದ್ದನ್ನು ಬಿಟ್ಟಾರೆಯೆ?

ಗಂಡನಿಗೆ ಹೇಳಿದೆ. “ಓದ್ಲಿ ಬುಡು. ಪ್ರಳಯ ಗಿಳಯ ಅಂದ್ರೆ ಅವ್ವ ನಾಕು ಪುಟಕ್ಕೇ ನಿದ್ದೆ ಮಾಡ್ಬುಡ್ತದೆ” ಎಂದು ಅವನು ಸ್ಕೂಟರ್ ಹತ್ತಿದ. ಅವನೂ ಓದಿರಲಿಲ್ಲ.

ಅತ್ತೆ ನಿದ್ದೆ ಮಾಡಲಿಲ್ಲ.

ನನ್ನ ಕಾದಂಬರಿಯಲ್ಲಿ ಮೈಸೂರು ಮುಗಿದುಹೋಗಿದೆ. ನೆಲ ಬಿಟ್ಟು ಮೇಲೇಳದ ಒಂದು ವಿಷದ ಮಂಜು ಬೀದಿಗಳನ್ನೆಲ್ಲ ತುಂಬಿಕೊಂಡಿದೆ. ಉಳಿದ ಕೆಲವರು ತಾರಸಿಗಳ ಮೇಲೆ ಬದುಕುತ್ತಾರೆ. ಅಕ್ಕಪಕ್ಕದ ಎರಡು ತಾರಸಿಗಳಲ್ಲಿ ಒಬ್ಬ ಹುಡುಗ, ಒಬ್ಬಳು ಹುಡುಗಿ. ನಡುವೆ ಹೋಗಿ ಬರುವ ಒಂದು ಸ್ಟೀಲ್ ಡಬ್ಬಿ. ಇದು ಪ್ರೇಮದ ಕಥೆಯೋ ಪ್ರಳಯದ ಕಥೆಯೋ ಒಂದನ್ನು ಹೇಳಿ, ಮುಖಪುಟ ಮಾಡಿಸಬೇಕು ಎಂದು ಪ್ರಕಾಶಕರು ಫೋನಿನಲ್ಲಿ ಕೇಳಿದ್ದರು. ಎರಡೂ ಎಂದೆ. ಎರಡೂ ಅಂದರೆ ಓದುಗರು ಎರಡೂ ಅಲ್ಲ ಅಂದುಕೊಳ್ಳುತ್ತಾರೆ ಎಂದರು.

ನನ್ನ ಕಳವಳ ಮುಖಪುಟದ್ದಲ್ಲ. ಹುಡುಗನ ತಾಯಿ ಮೊದಲ ಅಧ್ಯಾಯದಲ್ಲೇ ಸಾಯುತ್ತಾಳೆ. ಮಂಜು ಬಂದ ಬೆಳಿಗ್ಗೆ ಹಾಲು ತರಲು ಕೆಳಗಿಳಿದವಳು ಮತ್ತೆ ಮೇಲೆ ಬರುವುದಿಲ್ಲ. ಎರಡೇ ಪ್ಯಾರಾದಲ್ಲಿ ಮುಗಿಸಿದ್ದೆ.

ಡಬ್ಬಿ ಮಾತ್ರ ನಿಜವಾದದ್ದು. ಲಾಕ್‌ಡೌನ್ ಕಾಲದಲ್ಲಿ ನಾನು, ಅಪ್ಪ, ಅಮ್ಮ ಮೈಸೂರಿನ ರಾಮಕೃಷ್ಣನಗರದಲ್ಲಿ ಬಾಡಿಗೆಗಿದ್ದೆವು. ಪಕ್ಕದ ಮನೆ ಅವನದು, ಈಗಿನ ನನ್ನ ಗಂಡನದು. ತಾರಸಿಯಿಂದ ತಾರಸಿಗೆ ಕೈ ಚಾಚಿದರೆ ಸಿಗುವಷ್ಟೇ ಅಂತರ. ಅವರ ಹಿತ್ತಲಲ್ಲಿ ಕರಿಬೇವಿನ ಮರ ಇತ್ತು, ಸ್ವಲ್ಪ ಸೊಪ್ಪು ಕೇಳಿದೆ. ಡಬ್ಬಿ ಕೊಡಲು ಹೋದಾಗ ಅಮ್ಮ ತಡೆದು, ಖಾಲಿ ಕೊಡಬಾರದು ಎಂದು ಎರಡು ನಿಂಬೆಹಣ್ಣು ಹಾಕಿದಳು. ಡಬ್ಬಿ ಕರಿಬೇವು ತುಂಬಿಕೊಂಡು ವಾಪಸ್ ಬಂತು. ಆಮೇಲೆ ಅದು ನಿಲ್ಲಲೇ ಇಲ್ಲ. ಉಪ್ಪಿನಕಾಯಿ ಹೋದರೆ ಕಡಲೆಬೀಜ ಬರುತ್ತಿತ್ತು, ಚಟ್ನಿಪುಡಿ ಹೋದರೆ ಹುಣಸೆಹಣ್ಣು. ಹೊರಗೆ ಆಂಬ್ಯುಲೆನ್ಸ್ ಸದ್ದು, ಮೇಲೆ ನಮ್ಮಿಬ್ಬರ ಮಾತು. ಲೋಕ ಮುಗಿಯುತ್ತಿದೆ ಎಂಬ ಭಯದಲ್ಲೂ ಸಂಜೆಯಾಗುವುದನ್ನೇ ಕಾಯುತ್ತಿದ್ದೆ. ನನ್ನ ಕಾದಂಬರಿ ಹುಟ್ಟಿದ್ದು ಅಲ್ಲಿಂದಲೇ ಇರಬೇಕು.

ಬುದ್ಧ ಪೂರ್ಣಿಮೆಯ ದಿನ ಅಪ್ಪ ತಾರಸಿಯ ಮೇಲೆ ಬೌದ್ಧರ ಪಂಚಶೀಲದ ಬಾವುಟ ಕಟ್ಟಿದರು. ನಾವು ಯಾವ ಜನ ಎಂದು ಪಕ್ಕದ ಮನೆಯವರು ಕೇಳಿ ತಿಳಿಯುವ ಅಗತ್ಯ ಉಳಿಯಲಿಲ್ಲ. ಅಮ್ಮ ಅಕ್ಕಿ ಪಾಯಸ ಮಾಡಿ ಅದೇ ಡಬ್ಬಿಯಲ್ಲಿ ಕಳಿಸಿದಳು. ಮರುದಿನ ಡಬ್ಬಿ ನಮ್ಮ ಕಟ್ಟೆಯ ಮೇಲಿತ್ತು. ತೊಳೆದು, ಒರೆಸಿ, ಖಾಲಿ.

ಖಾಲಿ ಇತ್ತು ಎಂದು ಬರೆಯುವಾಗ ಈಗಲೂ ಕೈ ತಡೆಯುತ್ತದೆ. ನಾನು ದಿನಚರಿ ಬರೆಯುವವಳು. ಆ ದಿನದ ಪುಟದಲ್ಲಿ ‘ಸೆಕೆ ಬಹಳ’ ಎಂದಷ್ಟೇ ಇದೆ. ಖಾಲಿ ಡಬ್ಬಿಯ ಅಧ್ಯಾಯವನ್ನು ಎಷ್ಟು ಸಲ ತಿದ್ದಿ ಬರೆದೆನೆಂದರೆ, ನಡೆದದ್ದನ್ನು ಬರೆದೆನೋ ಬರೆದದ್ದನ್ನೇ ನಡೆದದ್ದೆಂದು ನಂಬಿದೆನೋ ತಿಳಿಯದಾಗಿತ್ತು. ಕಾದಂಬರಿಯಲ್ಲಿ ಖಾಲಿ ಕಳಿಸುವವನು ಹುಡುಗ. ಅವನಿಗೆ ತನ್ನ ಮೇಲೆ ಮನಸ್ಸಿಲ್ಲ ಎಂದು ಹುಡುಗಿ ತಿಳಿಯುತ್ತಾಳೆ. ನಾನೂ ಹಾಗೇ ತಿಳಿದಿದ್ದೆ. ಅವನು ಕೆಲವು ದಿನ ತಾರಸಿಗೆ ಬರಲಿಲ್ಲ, ಆಮೇಲೆ ಬಂದ. ಯಾಕೆ ಎಂದು ನಾನು ಕೇಳಲಿಲ್ಲ. ಅವನನ್ನೇ ಮದುವೆಯಾಗಿ ವಿಜಯನಗರಕ್ಕೆ ಬಂದು, ಮಾವ ತೀರಿಕೊಂಡ ಮೇಲೆ ಅತ್ತೆಯೂ ಜೊತೆಗೇ ಇರಲು ಬಂದರೂ ಕೇಳಿರಲಿಲ್ಲ.

ಓದುತ್ತಿದ್ದಷ್ಟು ದಿನ ಅತ್ತೆ ಸಾರಿಗೆ ಉಪ್ಪು ಕಡಿಮೆ ಎಂದು ಕೂಡ ಅನ್ನಲಿಲ್ಲ. ಅದೇ ಹೆಚ್ಚು ಹೆದರಿಕೆ ತಂದಿತು. ಒಂದು ಮಧ್ಯಾಹ್ನ ಹಾಳೆಗಳನ್ನು ಮಂಡಿಯ ಮೇಲೆ ತಟ್ಟಿ ಸರಿಮಾಡಿ ನನ್ನನ್ನು ಕರೆದರು.

“ನನ್ನ ಮೊದಲ್ನೇ ಅಧ್ಯಾಯದಲ್ಲೇ ಸಾಯಿಸ್ಬುಟ್ಟಿದ್ದೀಯಲ್ಲ ಕಣಮ್ಮ.”

ಅದು ನೀವಲ್ಲ ಅತ್ತೆ, ಕಥೆಯವರು ಎಂದೆ.

“ಆ ಹೆಂಗ್ಸು ಕಾಫಿಗೆ ಬೆಲ್ಲ ಹಾಕ್ಕೋತಾಳೆ. ಈ ಬೀದೀಲಿ ಇನ್ಯಾರು ಹಾಕ್ಕೋತಾರೆ ತೋರ್ಸು. ಹಾಲಿಗೆ ಅಂತ ಇಳ್ದು ಸಾಯೋವಷ್ಟು ದಡ್ಡೀನಾ ನಾನು?”

ನಗಬೇಕೋ ಬೇಡವೋ ತಿಳಿಯಲಿಲ್ಲ. ಅವರೂ ನಗಲಿಲ್ಲ. ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸುತ್ತ, ಒಂದು ತಪ್ಪಿದೆ ಎಂದರು.

“ಡಬ್ಬಿ ಖಾಲಿ ಕಳಿಸ್ದೋನು ಅವ್ನು ಅಂತ ಬರ್ದಿದ್ದೀಯ. ಅವ್ನಲ್ಲ, ನಾನು. ನಿಮ್ಮಮ್ಮ ಕಳಿಸಿದ್ ಪಾಯ್ಸನ ನಾನೂ ಬಾಯಿಗೆ ಹಾಕ್ಲಿಲ್ಲ, ಅವ್ನಿಗೂ ಕೊಡ್ಲಿಲ್ಲ. ಚೆಲ್ದೆ. ನಿಮಗೆ ಅರ್ಥ ಆಗ್ಲಿ ಅಂತ್ಲೇ ತೊಳ್ದು ಹಂಗೇ ಇಟ್ಟೆ.”

ನಾನು ಪ್ರಳಯವನ್ನು ಯಾಕೆ ತಂದೆ ಎಂದು ಆ ಕ್ಷಣ ಹೊಳೆಯಿತು: ನಮ್ಮೂರಲ್ಲಿ ಇಬ್ಬರು ಯಾವ ಜನ, ಯಾರ ಮನೆ ಎನ್ನದೆ ಮಾತಾಡಬೇಕಾದರೆ ಬೀದಿಗಳೆಲ್ಲ ಮುಳುಗಬೇಕಿತ್ತು, ಒಬ್ಬ ತಾಯಿ ಸಾಯಬೇಕಿತ್ತು. ಹೊಳೆಯಿತು ಎಂದು ಈಗ ಬರೆಯುತ್ತಿದ್ದೇನೆ. ಆಗ ಬಂದದ್ದು ಪಾಯಸವನ್ನು ಎಲ್ಲಿ ಚೆಲ್ಲಿದರು ಎಂಬ ಪ್ರಶ್ನೆಯೊಂದೇ ಇರಬೇಕು. ಅದನ್ನೂ ಕೇಳಲಿಲ್ಲ.

“ಅವ್ಳನ್ನ ಬದುಕ್ಸು,” ಎಂದರು. “ಬದುಕ್ಸಿ, ಆ ಕೆಲ್ಸಾನ ಅವ್ಳ ಕೈಲೇ ಮಾಡ್ಸು.”

ಸಂಜೆ ಗಂಡನಿಗೆ ಹೇಳಿದೆ. ಶೂಸಿನ ದಾರ ಬಿಚ್ಚುತ್ತಿದ್ದವನು ತಲೆಯೆತ್ತಿ, ಪಾಯಸ ಬಂದಿತ್ತಾ ಎಂದು ಕೇಳಿದ. ಅಷ್ಟೇ. ಊಟದ ಹೊತ್ತಿನಲ್ಲಿ ಅವನು ತಾಯಿಯ ಕಡೆ ನೋಡಲಿಲ್ಲ.

ಬದುಕಿಸಿದೆ. ತಾಯಿ ತಾರಸಿಗೆ ಬಂದು ಕೂತದ್ದೇ ಹುಡುಗ ಹುಡುಗಿಯ ಮಾತು ಪಿಸುಮಾತಾಯಿತು. ಲೋಕ ಮುಗಿದಿದ್ದರೂ ಅವರಿಗೆ ಇನ್ನೊಬ್ಬರ ಕಣ್ಣಿನ ಭಯ ಮುಗಿದಿರಲಿಲ್ಲ. ಹಾಳೆಗಳನ್ನು ಅತ್ತೆ ಓದಿ, ಅವಳನ್ನು ಅಷ್ಟೊಂದು ಒಳ್ಳೆಯವಳು ಮಾಡಬೇಡ ಎಂದರು. ಮತ್ತೆ ತಿದ್ದಿದೆ. ಪ್ರಕಾಶಕರಿಗೆ ಕಳಿಸಲು ಮಾತ್ರ ಆಗಲಿಲ್ಲ. ನನ್ನ ಅಮ್ಮ ಇದನ್ನು ಓದುತ್ತಾಳೆ. ಅಂದು ಖಾಲಿ ಡಬ್ಬಿ ನೋಡಿ, ಪಾಪ ಅಂಗಡಿಗಳೇ ಮುಚ್ಚಿವೆ, ಅವರ ಮನೆಯಲ್ಲೂ ಏನೂ ಇಲ್ಲವೇನೋ ಎಂದವಳು ಅವಳು. ಬೀಗಿತ್ತಿಗೆ ತನ್ನ ಪಾಯಸ ಇಷ್ಟವೆಂದು ಬಂದಾಗಲೆಲ್ಲ ಅದೇ ಡಬ್ಬಿಯಲ್ಲಿ ತರುತ್ತಾಳೆ. ಅತ್ತೆ ಈಗ ತಿನ್ನುತ್ತಾರೆ, ಬಟ್ಟಲು ಒರೆಸಿ ತಿನ್ನುತ್ತಾರೆ.

ಕಳಿಸಿದ್ಯಾ ಎಂದು ಅತ್ತೆ ದಿನವೂ ಕೇಳುತ್ತಿದ್ದರು. ಅಮ್ಮ ಓದಿದರೆ ಏನಾಗುತ್ತದೋ ಎಂದು ಕೊನೆಗೆ ಹೇಳಿದೆ.

ಮುಂದಿನ ಭಾನುವಾರ ಅಮ್ಮ ಡಬ್ಬಿ ಹಿಡಿದು ಬಂದಳು. ಅತ್ತೆ ಅವಳನ್ನು ಮುಂಬಾಗಿಲ ಹತ್ತಿರ ಕೂರಿಸಿಕೊಂಡು, ನನ್ನನ್ನು ಕಾಫಿಗೆ ಕಳಿಸಿದರು. ಹಾಲು ಉಕ್ಕದಂತೆ ಒಲೆ ಸಣ್ಣ ಮಾಡಿ ಕಿವಿಗೊಟ್ಟೆ. ಅತ್ತೆಯ ದನಿ ಮಾತ್ರ ಬರುತ್ತಿತ್ತು, ಮಾತು ತಿಳಿಯುತ್ತಿರಲಿಲ್ಲ. ಆಮೇಲೆ ಅದೂ ನಿಂತಿತು. ಅತ್ತೆ ಅಡುಗೆಮನೆಗೆ ಬಂದು “ಹೇಳ್ದೆ” ಎಂದು, ಡಬ್ಬಿಯ ಪಾಯಸವನ್ನು ಬಟ್ಟಲುಗಳಿಗೆ ಬಗ್ಗಿಸಿದರು.

ಅಮ್ಮ ಕಾಫಿ ಕುಡಿದಳು, ಪಾಯಸ ಮುಟ್ಟಲಿಲ್ಲ. ಸಕ್ಕರೆ ಕಾಯಿಲೆ ಎಂದಳು. ಸಕ್ಕರೆ ಕಾಯಿಲೆ ಇರುವುದು ನಿಜ. ಹೊರಡುವಾಗ ಅತ್ತೆ ಡಬ್ಬಿ ತೊಳೆದು, ಅಕ್ಕಿ ತುಂಬಿ, ಮೇಲೊಂದು ಅಚ್ಚು ಬೆಲ್ಲ ಇಟ್ಟು ಕೊಡಲು ಹೋದರು. ಅಮ್ಮ ಎರಡೂ ಕೈಯಲ್ಲಿ ಅವರ ಕೈ ಹಿಡಿದು, “ಡಬ್ಬಿ ಇಲ್ಲೇ ಇರ್ಲಿ ಬಿಡಿ” ಎಂದಳು. ಆಟೋ ತಿರುವಿನಲ್ಲಿ ಮರೆಯಾಗುವವರೆಗೂ ಅತ್ತೆ ಗೇಟಿನಲ್ಲೇ ನಿಂತಿದ್ದರು.

ಕೈ ಹಿಡಿದದ್ದನ್ನು ನಂಬಲೋ, ಡಬ್ಬಿ ಬಿಟ್ಟುಹೋದದ್ದನ್ನು ನಂಬಲೋ? ಫೋನ್ ಮಾಡಿದರೆ ಅಮ್ಮ ಹವಾಮಾನದ ಮಾತಾಡುತ್ತಾಳೆ. ಡಬ್ಬಿ ಇನ್ನೂ ಊಟದ ಮೇಜಿನ ಮೇಲಿದೆ, ಅಕ್ಕಿಯ ಸಮೇತ. ಅದರ ಪಕ್ಕದಲ್ಲೇ ಪ್ರಕಾಶಕರಿಗೆ ಇನ್ನೂ ಕಳಿಸದ ಕೊನೆಯ ಅಧ್ಯಾಯ.